ಮೂಲೆ ಮುರಿದು

ಮಧ್ಯಾಹ್ನ ಮೂರೂವರೆಗೆ ಮುಂಬೈ ಮುಚ್ಚುತ್ತದೆ.
ಮಂಡ್ಯದಲ್ಲಿ ಅಷ್ಟೊತ್ತಿಗೆ ಹರಾಜು ಮುಗಿದು
ತಕ್ಕಡಿಯ ತಟ್ಟೆಗೆ ಇರುವೆ ಹತ್ತಿರುತ್ತದೆ.

ನಾನು ಬೆಲ್ಲದ ಮಂಡಿಯ ಗುಮಾಸ್ತ.
ಇಪ್ಪತ್ತಾರು ವರ್ಷದಿಂದ ಬೆಲ್ಲದ ಲೆಕ್ಕ,
ಆರು ವರ್ಷದಿಂದ ಷೇರಿನದು.
ಅದಕ್ಕೆ ಬೇರೆ ಪುಸ್ತಕ, ಕೆಂಪು ರಟ್ಟು,
ಸಾಹುಕಾರರ ಕಣ್ಣಿಗೆ ಬೀಳದ ಹಾಗೆ
ಮೇಜಿನ ಎರಡನೇ ಖಾನೆಯಲ್ಲಿ.

ಚೀಲ ಹೊಲಿಯುವ ಪುಟ್ಟಸಿದ್ದಮ್ಮನಿಗೆ ಮಾತ್ರ ಗೊತ್ತು.
ದಬ್ಬಣ ಸೆರಗಿಗೆ ಸಿಕ್ಕಿಸಿ ಬಂದು ಕೂರುತ್ತಾಳೆ:
"ಓದಣ್ಣೋ, ಯಾವ್ದು ಏರ್ತು, ಯಾವ್ದು ಜಾರ್ತು?"

ಬ್ಯಾಂಕು, ಓದುತ್ತೇನೆ, ಕುದಿಯುವ ಕೊಪ್ಪರಿಗೆ.
ತಳ ಹಿಡಿದದ್ದು ಮೇಲಿನ ನೊರೆಗೆ ತಿಳಿಯುವುದಿಲ್ಲ.
ಸಾಫ್ಟ್‌ವೇರು ಬೇರೆಯವರ ಗದ್ದೆಗೆ ನೀರು ಕಟ್ಟುವ ಕೂಲಿ,
ಈಗ ನೀರೇ ತಾನಾಗಿ ತಿರುಗುವುದ ಕಲಿಯುತ್ತಿದೆಯಂತೆ.
ಉಕ್ಕು ನಮ್ಮ ಬೆಲ್ಲದ ಅಣ್ಣ:
ಒಂದು ವರ್ಷ ಬೆಲೆ ಬಂತೆಂದು ಊರೆಲ್ಲ ಗಾಣ ಹೂಡಿದರೆ
ಮರುವರ್ಷ ಯಾರಿಗೂ ಬೇಡ.

"ಲಕ್ಷ ಕೋಟಿ ಕಂಪನಿ ಅಂದ್ಯಲ್ಲ, ಬೆಲ್ಲದಲ್ಲಿ ಎಷ್ಟಾಯ್ತದೆ?"

ಕ್ವಿಂಟಾಲಿಗೆ ನಾಲ್ಕು ಸಾವಿರ ಹಿಡಿದು
ರಟ್ಟಿನ ಹಿಂದೆ ಲೆಕ್ಕ ಹಾಕಿದೆ.
ಇಪ್ಪತ್ತೈದು ಕೋಟಿ ಕ್ವಿಂಟಾಲು.
ಅವಳು ಬಹಳ ಹೊತ್ತು ಸುಮ್ಮನಿದ್ದಳು.
"ಅಷ್ಟು ಚೀಲ ಯಾರಣ್ಣ ಹೊಲಿಯೋರು?"

ಅವಳದ್ದೂ ಒಂದು ಕಂಪನಿಯಿದೆ. ಸೋಪಿನದು. ಆರು ಷೇರು.
ಮಗಳ ಫೋನಿನಲ್ಲಿ ಖಾತೆ ತೆರೆಸಿ
ಹೊಲಿಗೆಯ ಕೂಲಿಯಲ್ಲೇ ಕೊಂಡದ್ದು.
ಯಾಕೆ ಇದೇ ಎಂದು ಕೇಳಿದ್ದಕ್ಕೆ
"ನಲವತ್ತು ವರ್ಷ ಆ ಸೋಪು ತೇದಿದೀನಿ,
ಇನ್ಮೇಲೆ ಅದು ನನಗೋಸ್ಕರ ತೇಯ್ಲಿ" ಅಂದಳು.
ಟಿವಿಯಲ್ಲಿ ಟೈ ಕಟ್ಟಿದವರು ಅರ್ಧ ಗಂಟೆ ಮಾತಾಡಿ
ಇದಕ್ಕಿಂತ ಹೆಚ್ಚೇನೂ ಹೇಳಿದ್ದು ನಾನು ಕೇಳಿಲ್ಲ.

ಅಪ್ಪ ದನದ ದಲ್ಲಾಳಿ.
ಟವೆಲ್ಲಿನಡಿ ಕೈಗೆ ಕೈ ಕೊಟ್ಟು
ಬೆರಳು ಒತ್ತಿ ಬೆಲೆ ಹೇಳುತ್ತಿದ್ದ.
ಎರಡು ಬೆರಳು, ಅರ್ಧ ಬೆರಳು, ಒಂದು ಚಿವುಟು.
ಕೊಳ್ಳುವವನ ಅಂಗೈ ಬೆವರಿದರೆ
ಅವನಿಗೆ ಎತ್ತು ಬೇಕೇ ಬೇಕು ಅಂತ ಗೊತ್ತಾಗುತ್ತಿತ್ತು.
ಈಗ ಟವೆಲ್ಲಿಲ್ಲ, ಗಾಜಿದೆ.
ನನ್ನ ಬೆರಳು ಒತ್ತುತ್ತದೆ,
ಆಚೆಯ ಕೈ ಯಾರದೋ, ಬೆವರೂ ಇಲ್ಲ.

ಬೆಲ್ಲವಾದರೆ ಮೂಲೆ ಮುರಿದು ನೋಡಬಹುದು,
ಹರಳು ಕಟ್ಟಿದೆಯೋ, ಉಪ್ಪು ನೀರಿನ ಕಬ್ಬೋ,
ಬಣ್ಣಕ್ಕೆ ಪುಡಿ ಬೆರೆಸಿದ್ದಾರೋ,
ನಾಲಿಗೆ ಹೇಳಿಬಿಡುತ್ತದೆ.
ಔಷಧಿ ಕಂಪನಿಯ ಮೂಲೆ ಎಲ್ಲಿ ಮುರಿಯಲಿ?
ಮೂರು ತಿಂಗಳಿಗೊಮ್ಮೆ ಲಾಭದ ಪಟ್ಟಿ ಬರುತ್ತದೆ,
ಚಿನ್ನದ ಬಣ್ಣ, ಅಚ್ಚು ನುಣ್ಣಗೆ.
ಅಷ್ಟು ಚೆಂದ ಇದ್ದದ್ದಕ್ಕೇ
ಒಮ್ಮೊಮ್ಮೆ ಖಾನೆ ಮುಚ್ಚಿ ಎದ್ದುಬಿಡುತ್ತೇನೆ.

ಫೆಬ್ರವರಿಯ ಒಂದು ಸೋಮವಾರ ಎಲ್ಲ ಒಟ್ಟಿಗೆ ಬಿತ್ತು.
ಬ್ಯಾಂಕು, ಕಾರು, ಸಿಮೆಂಟು, ಎಣ್ಣೆ,
ಹಗ್ಗ ಹರಿದ ಗಾಡಿಯ ಕಬ್ಬಿನ ಹಾಗೆ.
ಅವತ್ತು ಆವಕದ ಚೀಟಿಯಲ್ಲಿ ಎರಡು ಕಡೆ ತಪ್ಪು ಬರೆದೆ.
ಪುಟ್ಟಸಿದ್ದಮ್ಮ ಬಂದು ಕೇಳಿದ್ದು ಒಂದೇ:
"ಜನ ಸ್ನಾನ ಮಾಡೋದು ಬಿಟ್ರಾ?"
ಇಲ್ಲ ಅಂದೆ.
ಸರಿ ಅಂತ ಹೊಲಿಯಲು ಹೋದಳು.

ಮುಂದೇನು ಅಂತ ಯಾರಾದರೂ ಕೇಳಿದರೆ
ನನ್ನ ಹತ್ತಿರ ಇರುವುದಿಷ್ಟು:
ದೊಡ್ಡದು ಬೇಗ ಮುಳುಗುವುದಿಲ್ಲ.
ಬೇಗ ಓಡುವುದೂ ಇಲ್ಲ.
ಮುಳುಗುವುದೇ ಇಲ್ಲ ಅಂತ ಬರೆದು ಕೊಡಲಾರೆ.

ನಿನ್ನೆ ಪುಸ್ತಕ ತೆಗೆದರೆ
ಬ್ಯಾಂಕಿನ ಸಾಲಿನ ಪಕ್ಕ ಪೆನ್ಸಿಲು,
ಎಡಕ್ಕೆ ವಾಲಿದ ಅಕ್ಷರ, ಸಾಹುಕಾರರದೇ:
"ತಳ ನೋಡು."
ಎಷ್ಟು ದಿನದಿಂದ ಓದುತ್ತಿದ್ದರೋ.
ಎದೆ ಹೊಡೆದುಕೊಂಡು ಪುಟ್ಟಸಿದ್ದಮ್ಮನಿಗೆ ತೋರಿಸಿದೆ.

ಅವಳು ಹುರಿ ಕತ್ತರಿಸುತ್ತಿದ್ದಳು, ತಲೆ ಎತ್ತಲಿಲ್ಲ.
"ಗೊತ್ತು ಕನಣ್ಣ,
ಆ ಪೆನ್ಸಿಲ್ಲು ಚೂಪು ಮಾಡಿಕೊಟ್ಟೋಳು ನಾನೇಯ."